‘ರನ್’ಗೆ ಇಷ್ಟೊಂದು ಅರ್ಥ ಏಕೆ?

‘ರನ್’ ಎಂದರೆ ಓಡು ಎಂದು ಶಾಲೆಯಲ್ಲಿ ಕಲಿತೆವು. ಅಂಗಡಿ ನಡೆಸುವುದು, ಮೋಟರು ತಿರುಗುವುದು, ಮೂಗು ಸೋರುವುದು ಕೂಡ ‘ರನ್’ ಆಗುವುದು ಹೇಗೆ?

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪರಿಷ್ಕರಣೆಯಲ್ಲಿ ಈ ಕ್ರಿಯಾಪದಕ್ಕೆ 645 ಅರ್ಥಗಳು ಸಿಕ್ಕಿವೆ. 1989ರ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘ ವಿವರಣೆ ಪಡೆದಿದ್ದ ‘ಸೆಟ್’ ಪದವನ್ನೂ ಇದು ಹಿಂದಿಕ್ಕಿತು. ಕಾರಣ ತಿಳಿಯಲು ಹೆಗಲ ಮೇಲಿನ ಟವೆಲ್ಲನ್ನೇ ನೋಡಿ: ಬೆವರೊರೆಸಲು, ತಲೆಗೆ ಸುತ್ತಲು, ಹೊರೆಯ ಕೆಳಗೆ ಸಿಂಬೆಯಾಗಲು ಅದೇ ಬೇಕು; ಸರಳ, ಸದಾ ಕೈಗೆ ಹತ್ತಿರ. ‘ರನ್’ ಕೂಡ ಹಾಗೆಯೇ. ಕಾಲಿನ ಓಟದಲ್ಲಿರುವುದು ತಡೆಯಿಲ್ಲದ ಚಲನೆ. ಆ ಗುಣವೊಂದನ್ನೇ ಹಿಡಿದು ಪದ ಹರಿಯುವ ನೀರಿಗೂ ಸೋರುವ ಮೂಗಿಗೂ ಸಂದಿತು. ಯಂತ್ರಗಳು ಬಂದಾಗ ಅವುಗಳ ಚಾಲನೆಗೆ ಹೊಸ ಪದ ಹುಡುಕಲಿಲ್ಲ, ಇದನ್ನೇ ಬಳಸಿದರು. ಯಂತ್ರವನ್ನು ಓಡಿಸುವಂತೆ ಅಂಗಡಿಯನ್ನೂ ಓಡಿಸಬಹುದಲ್ಲ! ಕ್ರಿಕೆಟ್‌ನಲ್ಲಂತೂ ಅರ್ಥ ಕೆಲವೊಮ್ಮೆ ಮೂಲದಿಂದ ಪೂರ್ತಿ ಕಳಚಿಕೊಳ್ಳುತ್ತದೆ: ಚೆಂಡು ನೆಲ ತಾಕಿ ಬೌಂಡರಿ ದಾಟಿದರೆ ಒಂದು ಹೆಜ್ಜೆಯೂ ಓಡದೆ ನಾಲ್ಕು ರನ್.

ಇಷ್ಟು ಅರ್ಥಗಳಿದ್ದರೆ ಗೊಂದಲವಾಗದೇ ಎಂಬ ಆಕ್ಷೇಪ ಸಹಜ. ಆಗುವುದಿಲ್ಲ, ಏಕೆಂದರೆ ಪಕ್ಕದ ಪದಗಳೇ ಅರ್ಥವನ್ನು ನಿರ್ಧರಿಸುತ್ತವೆ. ನಾವೂ ನಿದ್ದೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಸುಣ್ಣ ಹೊಡೆಯುತ್ತೇವೆ, ಯಾರಿಗೂ ಪೆಟ್ಟಾಗುವುದಿಲ್ಲ. 645 ಎಂಬ ಸಂಖ್ಯೆ ಉತ್ಪ್ರೇಕ್ಷೆಯಲ್ಲವೇ ಎಂದರೆ, ಅದರಲ್ಲಿ ಸ್ವಲ್ಪ ಸತ್ಯವಿದೆ. ಎಷ್ಟು ಸೂಕ್ಷ್ಮವಾಗಿ ವಿಂಗಡಿಸಬೇಕೆಂಬುದು ನಿಘಂಟುಕಾರರ ತೀರ್ಮಾನ. ಆದರೆ ಅರ್ಥಗಳು ಕವಲೊಡೆದದ್ದು ನಿಜ. ಅದೂ ಎಲ್ಲೆಡೆ ಒಂದೇ ದಿಕ್ಕಿನಲ್ಲಲ್ಲ: ಅಮೆರಿಕದ ಅಭ್ಯರ್ಥಿ ಚುನಾವಣೆಗೆ ‘ಓಡುತ್ತಾನೆ’, ಬ್ರಿಟನ್ನಿನವನು ನಮ್ಮವರಂತೆಯೇ ‘ನಿಲ್ಲುತ್ತಾನೆ’.