ಎಳೆಯ ಮಕ್ಕಳ ಪೋಷಣೆ ಮತ್ತು ನೆರೆಹೊರೆಯ ಹೊಣೆ

ಸಂಜೆಯ ಹೊತ್ತು ಮಾಂಬಲಂ ರೈಲು ನಿಲ್ದಾಣದಿಂದ ರಂಗನಾಥನ್ ಬೀದಿಗೆ ಇಳಿದವರಿಗೆ ಕಾಲಿಡಲು ಸ್ಥಳ ದೊರೆಯುವುದೂ ಕಷ್ಟ. ಸೀರೆ, ಪಾತ್ರೆ, ಒಡವೆಗಳ ಅಂಗಡಿಗಳ ಮುಂದೆ ಜನಸಾಗರವೇ ನೆರೆದಿರುತ್ತದೆ. ಅಲ್ಲಿಂದ ಕೂಗಳತೆಯ ದೂರದಲ್ಲಿ, ಬಹುಮಹಡಿ ಕಟ್ಟಡವೊಂದರ ಮೂರನೆಯ ಅಂತಸ್ತಿನಲ್ಲಿ, ನಲವತ್ತು ದಿನದ ಕೂಸನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ನಡೆದಾಡುತ್ತಿರುವ ಕನ್ನಡದ ತರುಣಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಪತಿ ಕಚೇರಿಯಿಂದ ಮರಳುವುದು ರಾತ್ರಿ ಎಂಟಕ್ಕೆ. ಬಾಣಂತನಕ್ಕೆಂದು ಶಿವಮೊಗ್ಗದಿಂದ ಬಂದಿದ್ದ ತಾಯಿ, ಮನೆಯವರ ಅನಾರೋಗ್ಯದ ನಿಮಿತ್ತ ಊರಿಗೆ ಹಿಂದಿರುಗಿದ್ದಾರೆ. "ಅಮ್ಮಾ, ಹಾಲು ಸಾಲುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ, ಅಳು ನಿಲ್ಲಿಸುವುದೇ ಇಲ್ಲ" ಎಂದು ದೂರವಾಣಿಯಲ್ಲಿ ಹೇಳಿದರೆ, "ಹೆದರಬೇಡ ಪುಟ್ಟಿ, ನೀನೂ ಹೀಗೆಯೇ ಅಳುತ್ತಿದ್ದೆ" ಎಂಬ ಉತ್ತರ ಬರುತ್ತದೆ. ಸಮಾಧಾನವೇನೋ ದೊರೆಯಿತು. ಆದರೆ ಕೂಸನ್ನು ಅರ್ಧ ಗಂಟೆ ಎತ್ತಿಕೊಂಡು, ಆಕೆಗೆ ಸ್ನಾನ ಮಾಡಲು ಬಿಡುವು ಕೊಡುವ ಕೈಗಳು ಅಲ್ಲಿಲ್ಲ.

ಇಂತಹ ಮನೆಗಳು ತ್ಯಾಗರಾಯನಗರದಲ್ಲಿ ಒಂದೆರಡಲ್ಲ. ಬ್ಯಾಂಕು, ವಿಮಾ ಸಂಸ್ಥೆ, ರೈಲ್ವೆ, ಗಣಕಯಂತ್ರದ ಉದ್ಯಮಗಳಲ್ಲಿ ದುಡಿಯುವವರು ವರ್ಗಾವಣೆಯ ಆದೇಶ ಹಿಡಿದು ಬರುತ್ತಾರೆ. ನೆರೆಮನೆಯ ಪರಿಚಯವಾಗುವ ವೇಳೆಗೆ ಮತ್ತೊಂದು ಊರಿಗೆ ಹೊರಡುತ್ತಾರೆ. ಒಂದು ಸಣ್ಣ ಸಾಲಕ್ಕೂ ಜಾಮೀನುದಾರರನ್ನು ಕೇಳುವ ಕಾಲವಿದು. ಒಂದು ಜೀವವನ್ನು ಬೆಳೆಸುವ ಹೊಣೆಯನ್ನು ಮಾತ್ರ, ಯಾವ ಜಾಮೀನೂ ಇಲ್ಲದೆ, ಅನುಭವವಿಲ್ಲದ ಇಬ್ಬರ ಮೇಲೆ ಹೊರಿಸಲಾಗಿದೆ.

ಬಾಣಂತನವೆಂಬ ಏರ್ಪಾಡು

ಹಿಂದಿನ ಕಾಲದ ಬಾಣಂತನವು ಕೇವಲ ಎಣ್ಣೆನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರುಗಳ ಶಾಸ್ತ್ರವಾಗಿರಲಿಲ್ಲ. ಹೊಸ ತಾಯಿಗೆ ವಿಶ್ರಾಂತಿಯನ್ನೂ, ಕೂಸಿಗೆ ಹಲವರ ಮಡಿಲನ್ನೂ, ಅನುಭವಸ್ಥರಿಂದ ಕಲಿಯುವ ಅವಕಾಶವನ್ನೂ ಒಟ್ಟಿಗೆ ಒದಗಿಸುತ್ತಿದ್ದ ಸಾಮಾಜಿಕ ಏರ್ಪಾಡು ಅದು. ಅದರಲ್ಲಿ ದೋಷಗಳಿದ್ದುದೂ ನಿಜ. ಹೆರಿಗೆಯಾದೊಡನೆ ಬರುವ ಹಳದಿ ಬಣ್ಣದ ಮೊದಲ ಹಾಲನ್ನು ಕೆಲವೆಡೆ ಹಿಂಡಿ ಚೆಲ್ಲುತ್ತಿದ್ದರು. ರೋಗನಿರೋಧಕ ಅಂಶಗಳು ತುಂಬಿದ ಆ ಹಾಲೇ ಕೂಸಿಗೆ ದೊರೆಯುವ ಪ್ರಥಮ ರಕ್ಷಣೆ. ಬಾಣಂತಿಗೆ ನೀರು ಕಡಿಮೆ ಕೊಡುವುದು, ಕೂಸಿನ ಮೂಗಿಗೆ ಎಣ್ಣೆ ಬಿಡುವುದು, ವರ್ಷ ತುಂಬುವ ಮೊದಲೇ ಜೇನು ನೆಕ್ಕಿಸುವುದು ಹಾನಿಕರವೆಂದು ವೈದ್ಯರು ಎಚ್ಚರಿಸುತ್ತಾರೆ. ಆದರೆ ಹಗುರವಾದ ಎಣ್ಣೆ ನೀವುವಿಕೆ, ಜೋಗುಳ, ಕೂಸನ್ನು ಮೈಗೆ ಅಪ್ಪಿಕೊಳ್ಳುವುದು ಇವುಗಳಿಗೆ ಯಾರ ಆಕ್ಷೇಪಣೆಯೂ ಇಲ್ಲ. ತಮಿಳರು ಪಾಲಾಡೈ ಎಂದು ಕರೆಯುವ, ನಮ್ಮ ಅಜ್ಜಿಯರ ಒಳಲೆಯು, ಮೊಲೆಯುಣ್ಣಲು ಶಕ್ತಿ ಸಾಲದ ಕಡಿಮೆ ತೂಕದ ಕೂಸುಗಳಿಗೆ ಹಾಲು ಕುಡಿಸಲು ಆಸ್ಪತ್ರೆಗಳಲ್ಲಿ ಇಂದಿಗೂ ಬಳಕೆಯಾಗುತ್ತಿದೆ.

ದೋಷವನ್ನು ತಿದ್ದಿ ಸಾರವನ್ನು ಉಳಿಸಿಕೊಳ್ಳುವುದು ವಿವೇಕ. ದುರ್ದೈವದಿಂದ ನಗರಜೀವನದಲ್ಲಿ ಸಾರವೇ ಕಳೆದುಹೋಗಿದೆ.

ಟಿ. ನರಸೀಪುರದಿಂದ ಟಿ. ನಗರದವರೆಗೆ

ಮಗುವಿಗೆ ನೆರವಾಗಬೇಕಾದರೆ ಮನೆಗೇ ನೆರವಾಗಬೇಕೆಂಬ ತತ್ತ್ವ ನಮ್ಮ ನಾಡಿಗೆ ಹೊಸದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಅಂಗನವಾಡಿಯೆಂದರೆ ಅನ್ನ ಹಾಕುವ ಸ್ಥಳವೆಂದೇ ಹಲವರ ಭಾವನೆ. ಆದರೆ ಆ ಯೋಜನೆಯ ಆರು ಸೇವೆಗಳಲ್ಲಿ ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆಗಳಂತೆ ಪೋಷಣೆ ಮತ್ತು ಆರೋಗ್ಯದ ಶಿಕ್ಷಣವೂ ಒಂದು. ಅದು ನೀಡಲ್ಪಡಬೇಕಾದುದು ತಾಯಂದಿರಿಗೆ. ತಮಿಳುನಾಡಿನಲ್ಲಿ 1980ರಲ್ಲಿ ಪ್ರಾರಂಭವಾದ ಸಮಗ್ರ ಪೌಷ್ಟಿಕ ಯೋಜನೆಯು ಹಳ್ಳಿಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ತಿಂಗಳು ತಿಂಗಳೂ ತೂಗಿ, ತೂಕ ಏರದ ಮಕ್ಕಳನ್ನು ಗುರುತಿಸಿ, ಅವರ ತಾಯಂದಿರೊಡನೆ ಸಮಾಲೋಚಿಸುವ ಪದ್ಧತಿಯನ್ನು ರೂಢಿಗೆ ತಂದಿತು. ಊರಿನ ಮಹಿಳೆಯರ ಗುಂಪುಗಳೂ ಆ ಕಾರ್ಯದಲ್ಲಿ ಕೈಗೂಡಿಸಿದವು.

ತ್ಯಾಗರಾಯನಗರಕ್ಕೂ ಈ ದಿಸೆಯಲ್ಲಿ ತನ್ನದೇ ಆದ ಪರಂಪರೆಯಿದೆ. ಸ್ವಾತಂತ್ರ್ಯ ಹೋರಾಟಗಾರ್ತಿ ಎಸ್. ಮಂಜುಭಾಷಿಣಿಯವರು ಕೆ. ಕಾಮರಾಜರ ಬೆಂಬಲದೊಡನೆ 1949ರಲ್ಲಿ ಸ್ಥಾಪಿಸಿದ ಬಾಲಮಂದಿರವು ಇಲ್ಲಿಯದು. ದಿಕ್ಕಿಲ್ಲದ ಮಕ್ಕಳಿಗೆ ಆಶ್ರಯ ನೀಡಲು ಹುಟ್ಟಿದ ಆ ಸಂಸ್ಥೆಯು, ಕಾಲಕ್ರಮೇಣ ತಂದೆತಾಯಂದಿರ ಶಿಕ್ಷಣವನ್ನೂ, ಶಿಶುಪಾಲನೆಯ ತರಬೇತಿಯನ್ನೂ ತನ್ನ ಕಾರ್ಯಕ್ಷೇತ್ರಕ್ಕೆ ಸೇರಿಸಿಕೊಂಡಿತು. ಮನೆ ಕಳೆದುಕೊಂಡ ಮಗುವನ್ನು ಸಾಕುವುದು ಪುಣ್ಯಕಾರ್ಯವೇ ಸರಿ. ಮಗುವಿನ ಮನೆಯೇ ಕುಸಿಯದಂತೆ ಆಸರೆ ನೀಡುವುದು ಅದಕ್ಕಿಂತ ಮುಂಚಿನ ಕರ್ತವ್ಯ.

ಕಿಂಗ್‌ಸ್ಟನ್ನಿನ ಪಾಠ

ಇಂತಹ ನೆರವಿನಿಂದ ನಿಜವಾದ ಪ್ರಯೋಜನವುಂಟೆ ಎಂದು ಲೆಕ್ಕ ಕೇಳುವವರಿಗೆ ವೆಸ್ಟ್ ಇಂಡೀಸಿನ ಜಮೈಕಾದಿಂದ ಉತ್ತರ ದೊರೆಯುತ್ತದೆ. ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ 1980ರ ದಶಕದಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಮಕ್ಕಳನ್ನು ಆಯ್ದು ಒಂದು ಪ್ರಯೋಗ ನಡೆಸಲಾಯಿತು. ಆಗ ಆ ಮಕ್ಕಳ ವಯಸ್ಸು 9ರಿಂದ 24 ತಿಂಗಳು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಸಹಾಯಕಿಯರು ವಾರಕ್ಕೊಮ್ಮೆ ಹೋಗಿ, ಒಂದು ಗಂಟೆಯ ಕಾಲ, ಮಗುವಿನೊಡನೆ ಹೇಗೆ ಮಾತನಾಡಬೇಕು, ಹೇಗೆ ಆಡಿಸಬೇಕು ಎಂಬುದನ್ನು ತಾಯಿಗೆ ತೋರಿಸಿಕೊಟ್ಟರು. ಎರಡು ವರ್ಷ ನಡೆದ ಕೆಲಸ ಇಷ್ಟೇ. ಇಪ್ಪತ್ತು ವರ್ಷಗಳ ತರುವಾಯ ಪರಿಶೀಲಿಸಿದಾಗ, ಈ ನೆರವು ಪಡೆದವರ ಸಂಪಾದನೆಯು ಪಡೆಯದವರದಕ್ಕಿಂತ ಶೇಕಡಾ 25ರಷ್ಟು ಹೆಚ್ಚಾಗಿತ್ತು. 2014ರಲ್ಲಿ ಪ್ರಕಟವಾದ ಈ ಫಲಿತಾಂಶವು ಅರ್ಥಶಾಸ್ತ್ರಜ್ಞರನ್ನೂ ಬೆರಗುಗೊಳಿಸಿತು. ವಾರಕ್ಕೊಂದು ಗಂಟೆಯ ಠೇವಣಿಗೆ ಇಷ್ಟು ಬಡ್ಡಿ ಕೊಡುವ ಖಾತೆ ಬೇರೊಂದಿರಲಾರದು.

ಹೆತ್ತವರು ಅರಿಯಬೇಕಾದುದು

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2018ರಲ್ಲಿ ಶಿಶುಪೋಷಣೆಯ ಐದು ಅಂಗಗಳನ್ನು ಹೆಸರಿಸಿದವು: ಆರೋಗ್ಯ, ಪೌಷ್ಟಿಕ ಆಹಾರ, ಸುರಕ್ಷತೆ, ಮಗುವಿನ ಇಂಗಿತವರಿತು ಸ್ಪಂದಿಸುವುದು, ಮತ್ತು ಕಲಿಕೆಗೆ ಅವಕಾಶ. ಮೊದಲ ಮೂರನ್ನು ಹೆತ್ತವರು ಸಾಮಾನ್ಯವಾಗಿ ಬಲ್ಲರು. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ, ಅನಂತರ ಹಾಲಿನ ಜೊತೆಗೆ ರಾಗಿಯ ಸರಿ, ಮೆತ್ತಗೆ ಬೇಯಿಸಿದ ಅನ್ನ, ಬೇಳೆ, ಹಣ್ಣು, ಕಾಲಕಾಲಕ್ಕೆ ಲಸಿಕೆ. ಉಳಿದೆರಡು ಅಂಗಗಳೇ ಹೆಚ್ಚಾಗಿ ಉಪೇಕ್ಷಿತವಾಗಿರುವುದು. ಕೂಸು ದನಿ ಮಾಡಿದಾಗ ಮರುದನಿ ಕೊಡುವುದು, ಅದು ನೋಡಿದ ಕಡೆ ತಾನೂ ನೋಡಿ ಹೆಸರು ಹೇಳುವುದು, ಅಡಿಗೆಮನೆಯ ಬಟ್ಟಲು ಚಮಚಗಳನ್ನೇ ಆಟಿಕೆಯಾಗಿಸುವುದು, ಇವಕ್ಕೆ ಖರ್ಚಿಲ್ಲ. ಆದರೆ ದಣಿದ ತಾಯಿ ಮೊಬೈಲ್ ಪರದೆಯನ್ನು ಮಗುವಿನ ಮುಂದೆ ಹಿಡಿಯುತ್ತಾಳೆ. ಆಕೆಯನ್ನು ನಿಂದಿಸಿ ಫಲವಿಲ್ಲ. ಆ ಹೊತ್ತಿನಲ್ಲಿ ಬೇರೆ ಸಹಾಯಕರು ಆಕೆಗಿಲ್ಲ. ಎರಡು ವರ್ಷ ತುಂಬುವವರೆಗೆ ಪರದೆ ಬೇಡವೆಂದೂ, ಆಮೇಲೆ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ.

ಹೊರನಾಡ ಕನ್ನಡಿಗರನ್ನು ಕಾಡುವ ಮತ್ತೊಂದು ಸಂದೇಹ ಭಾಷೆಯದು. ಮನೆಯಲ್ಲಿ ಕನ್ನಡ, ಕೆಲಸದಾಕೆಯೊಡನೆ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಆದರೆ ಮಗುವಿಗೆ ಮಾತು ತಡವಾಗುವುದೆಂದು ಹೆದರಿ, ಹಲವರು ಕನ್ನಡವನ್ನೇ ಕೈಬಿಡುತ್ತಾರೆ. ಹಲವು ಭಾಷೆ ಕೇಳುವುದರಿಂದ ಮಾತಿಗೆ ತಡೆಯಾಗದೆಂಬುದು ಸಂಶೋಧನೆಯ ನಿರ್ಣಯ. ಎರಡು ವರ್ಷವಾದರೂ ಎರಡು ಪದ ಜೋಡಿಸಿ ಆಡದಿದ್ದರೆ ದೂರಬೇಕಾದುದು ಕನ್ನಡವನ್ನಲ್ಲ. ಮೊದಲು ಕಿವಿಯ ಪರೀಕ್ಷೆ ಮಾಡಿಸಬೇಕು, ತಜ್ಞರನ್ನು ಕಾಣಬೇಕು.

ತಾಯಿಯ ಮನಸ್ಸಿನ ಆರೋಗ್ಯವನ್ನು ಮರೆಯುವಂತಿಲ್ಲ. ಹೆರಿಗೆಯಾದ ಕೆಲವು ದಿನ ಅಕಾರಣವಾಗಿ ಅಳು ಬರುವುದು ಸಹಜ. ಎರಡು ವಾರ ಕಳೆದರೂ ದುಃಖ ತಗ್ಗದಿದ್ದರೆ, ಕೂಸು ಮಲಗಿದಾಗಲೂ ನಿದ್ರೆ ಬಾರದಿದ್ದರೆ, ತಾನು ಯೋಗ್ಯ ತಾಯಿಯಲ್ಲವೆಂಬ ಭಾವನೆ ಬಲಿತರೆ, ಅದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ತನಗೋ ಕೂಸಿಗೋ ಅಪಾಯ ಮಾಡಿಕೊಳ್ಳುವ ಯೋಚನೆ ಸುಳಿದರೆ, ಅಥವಾ ನಡತೆಯೇ ಬದಲಾಗಿ ಬಾಣಂತಿ ಸನ್ನಿಯ ಲಕ್ಷಣ ತೋರಿದರೆ, ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೂ ಸಲಹೆ ಪಡೆಯಬಹುದು. ಆದರೆ ಈ ಲಕ್ಷಣಗಳನ್ನು ಕಾಣಲು ಹತ್ತಿರದಲ್ಲಿ ಯಾರಾದರೂ ಇರಬೇಕಲ್ಲವೆ?

ಸಂಘಗಳು ಮಾಡಬಹುದಾದುದು

ಇಲ್ಲಿಯೇ ಕನ್ನಡ ಸಂಘಗಳ ಪಾತ್ರ ಬರುತ್ತದೆ. ರಾಜ್ಯೋತ್ಸವ, ನಾಟಕ, ಸಂಗೀತಗಳನ್ನು ನಡೆಸಬಲ್ಲ ಸಂಘಕ್ಕೆ ವಾರಕ್ಕೊಂದು ಮುಂಜಾನೆ, ಎರಡು ಗಂಟೆಯ ಕಾಲ, ಎಳೆಯ ಮಕ್ಕಳ ಹೆತ್ತವರ ಕೂಟವನ್ನು ನಡೆಸುವುದು ಅಸಾಧ್ಯವಲ್ಲ. ಬೇಕಾದುದು ಒಂದು ಜಮಖಾನೆ, ಒಂದು ತಕ್ಕಡಿ, ಕೆಲವು ಚಿತ್ರಪುಸ್ತಕ. ಮೂರು ಮಕ್ಕಳನ್ನು ಬೆಳೆಸಿ ಈಗ ಬಿಡುವಾಗಿರುವ ಅಜ್ಜಿಯರು, ನಿವೃತ್ತ ದಾದಿಯರು, ಶಿಕ್ಷಕಿಯರು ಪ್ರತಿ ಸಂಘದಲ್ಲಿಯೂ ಇದ್ದಾರೆ. ಅವರಿಗೆ ಮಕ್ಕಳ ವೈದ್ಯರೊಬ್ಬರಿಂದ ಕೆಲವು ದಿನದ ತಿಳಿವಳಿಕೆ ಕೊಡಿಸಿದರೆ, ಹಳೆಯ ಅನುಭವವೂ ಹೊಸ ವಿಜ್ಞಾನವೂ ಒಂದೆಡೆ ಸೇರುತ್ತವೆ. ವರ್ಗವಾಗಿ ಬಂದ ಹೊಸ ಕುಟುಂಬದ ವಿಳಾಸ ಬರೆದುಕೊಂಡು, ಹೆರಿಗೆಯಾದ ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಒಬ್ಬರು ಹೋಗಿ ಬರುವ ಪಾಳಿಯನ್ನು ಏರ್ಪಡಿಸಬಹುದು. ಕೂಟಕ್ಕೆ ತಂದೆಯರನ್ನೂ ಕರೆಯಬೇಕು. ಕೂಸಿಗೆ ಸ್ನಾನ ಮಾಡಿಸಲು ಕಲಿತ ತಂದೆಯಿಂದ ತಾಯಿಗೆ ದೊರೆಯುವ ವಿಶ್ರಾಂತಿಯನ್ನು ಯಾವ ಲೇಹ್ಯವೂ ಕೊಡಲಾರದು. ಉಪದೇಶ ಮಾತ್ರ ಮಿತವಾಗಿರಲಿ. "ನಮ್ಮ ಕಾಲದಲ್ಲಿ" ಎಂದು ಆರಂಭವಾಗುವ ಭಾಷಣಕ್ಕಿಂತ, "ಕೊಡಮ್ಮ ಕೂಸನ್ನು ಇಲ್ಲಿ, ನೀನು ಊಟ ಮಾಡಿ ಬಾ" ಎಂಬ ಮಾತು ಮೇಲು.

ಸರ್ಕಾರಗಳೂ ತಮ್ಮ ಪಾಲಿನ ಕೆಲಸ ಮಾಡಿವೆ. 2017ರ ಕಾನೂನಿನ ತಿದ್ದುಪಡಿಯು ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಆದರೆ ರಜೆಯು ಸಮಯವನ್ನು ಕೊಡಬಲ್ಲದೇ ಹೊರತು ಸಂಗಾತಿಯನ್ನು ಕೊಡಲಾರದು. ಆ ಕೊರತೆಯನ್ನು ತುಂಬಬಲ್ಲವರು ನೆರೆಹೊರೆಯವರು.

ಮೂರನೆಯ ಅಂತಸ್ತಿನ ಆ ಬಾಗಿಲಿನ ಕರೆಗಂಟೆಯನ್ನು ಒಂದು ಮುಂಜಾನೆ ಹಿರಿಯ ಮಹಿಳೆಯೊಬ್ಬರು ಒತ್ತಿ, ಕನ್ನಡದಲ್ಲಿ ಮಾತನಾಡಿಸಿ, ಕೂಸಿಗಾಗಿ ಕೈ ಚಾಚಲಿ. ಒಂದು ಸಂಘದ ವಾರ್ಷಿಕ ವರದಿಯಲ್ಲಿ ಇಂತಹ ಹತ್ತು ಮನೆಗಳ ಲೆಕ್ಕ ಸೇರಿದರೂ ಆ ವರ್ಷ ಸಾರ್ಥಕವೆನ್ನಬಹುದು.