ಬಾಣಂತಿಯ ಬಳಿ ಅರ್ಧ ತಾಸು

ತಾಯಿಯೂ ಮಗುವೂ ಸುಖರೂಪವಾಗಿದ್ದಾರೆಂಬ ವರ್ತಮಾನ ಬಂದೊಡನೆ ಮನೆಯ ಗಂಡಸರ ಚಿಂತೆ ಮುಗಿಯುತ್ತದೆ. ಸರಕಾರದ ಚಿಂತೆಯೂ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಬಾಣಂತಿಯ ಚಿಂತೆ ಮಾತ್ರ ಆಗ ಮೊದಲಾಗುತ್ತದೆ.

ಶಿರಸಿ ತಾಲೂಕಿನ ದಾಸನಕೊಪ್ಪದಂಥ ಊರೊಂದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಚೊಚ್ಚಲ ಹೆರಿಗೆಯಾದವಳು ಮೂರನೆಯ ದಿನ ಆಸ್ಪತ್ರೆಯಿಂದ ತವರಿಗೆ ಬಂದಿದ್ದಾಳೆ. ಮೊಲೆ ಬಿಗಿದಿದೆ, ತೊಟ್ಟು ಬಿರಿದಿದೆ, ಕೂಸು ಅಳುತ್ತಿದೆ. ಹಾಲು ಸಾಲದೆಂದು ನೆರೆಯವರು ತೀರ್ಪು ಕೊಡುತ್ತಾರೆ. ಸಂಜೆಯೊಳಗೆ ಡಬ್ಬಿಯ ಪುಡಿ ಬರುತ್ತದೆ. ಸೀಸೆಯಿಂದ ಹೊಟ್ಟೆ ತುಂಬಿದ ಕೂಸು ಮೊಲೆ ಚೀಪುವುದು ಕಡಿಮೆ. ಚೀಪುವುದು ಕಡಿಮೆಯಾದಂತೆ ಹಾಲೂ ಕಡಿಮೆ. ಇಲ್ಲದ ಕೊರತೆಯು ಹೀಗೆ ಕೆಲವೇ ದಿನಗಳಲ್ಲಿ ನಿಜವಾದ ಕೊರತೆಯಾಗುತ್ತದೆ.

ಇದನ್ನು ತಡೆಯಲು ಔಷಧ ಬೇಡ; ಬಲ್ಲವಳೊಬ್ಬಳು ಅರ್ಧ ತಾಸು ಬಳಿಯಲ್ಲಿ ಕುಳಿತರೆ ಸಾಕು. ಕೂಸಿನ ಬಾಯಿ ಅಗಲವಾಗಿ ತೆರೆದು, ತೊಟ್ಟಿನೊಡನೆ ಸುತ್ತಣ ಕಪ್ಪು ಭಾಗವೂ ಒಳಸೇರುವಂತೆ ಹಿಡಿಸಿದರೆ ನೋವು ಇಳಿಯುತ್ತದೆ, ಹಾಲು ಹರಿಯುತ್ತದೆ. ಹಿಂದೆ ಈ ವಿದ್ಯೆ ಅಜ್ಜಿಯರಲ್ಲಿರಲಿಲ್ಲವೇ ಎಂದು ಕೆಲವರು ಕೇಳುವರು. ಇದ್ದಿತು, ನಿಜ. ಆದರೆ ರೋಗವನ್ನು ತಡೆಯುವ ಶಕ್ತಿಯುಳ್ಳ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಜೇನುತುಪ್ಪ ನೆಕ್ಕಿಸುವ ಪದ್ಧತಿಯೂ ಅದರೊಡನೆಯೇ ಇದ್ದಿತು. ಅಜ್ಜಿಯ ಮಮತೆಯನ್ನು ಉಳಿಸಿಕೊಂಡು ಅವಳ ತಪ್ಪನ್ನು ತಿದ್ದುವ ಜನ ಈಗ ಬೇಕಾಗಿದ್ದಾರೆ.

ಹಳ್ಳಿಯಲ್ಲಿ ಆ ಕೆಲಸ ಆಶಾ ಕಾರ್ಯಕರ್ತೆಯ ಪಾಲಿಗೆ ಬಂದಿದೆ. ೨೦೧೧ರಿಂದ ನಡೆದುಬಂದ ನವಜಾತ ಶಿಶುವಿನ ಗೃಹಾಧಾರಿತ ಆರೈಕೆಯ ನಿಯಮದಂತೆ, ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಕೆ ೩, ೭, ೧೪, ೨೧, ೨೮, ೪೨ನೆಯ ದಿನಗಳಲ್ಲಿ ಹೋಗಬೇಕು. ಮೊಲೆಯೂಡಿಕೆಯ ಪ್ರಚಾರಕ್ಕೆಂದೇ ಕೇಂದ್ರ ಸರಕಾರವು ೨೦೧೬ರಲ್ಲಿ ‘ಮಾ’ ಕಾರ್ಯಕ್ರಮವನ್ನು ಆರಂಭಿಸಿತು. ಡಬ್ಬಿಹಾಲಿನ ಜಾಹೀರಾತನ್ನು ನಿಷೇಧಿಸುವ ಕಾಯಿದೆ ೧೯೯೨ರಲ್ಲಿಯೇ ಬಂದು, ೨೦೦೩ರಲ್ಲಿ ಇನ್ನಷ್ಟು ಬಿಗಿಯಾಯಿತು.

ಆದರೂ ಫಲವೇನು? ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ನೂರರಲ್ಲಿ ಸುಮಾರು ೮೯ ಹೆರಿಗೆಗಳು ಆಸ್ಪತ್ರೆಗಳಲ್ಲಾದವು. ಹುಟ್ಟಿದ ಒಂದು ತಾಸಿನೊಳಗೆ ತಾಯಿಯ ಹಾಲು ಕಂಡ ಕೂಸುಗಳು ನೂರರಲ್ಲಿ ೪೨ ಮಾತ್ರ! ವೈದ್ಯರು, ದಾದಿಯರು ಎದುರಿಗೇ ಇರುವ ಸ್ಥಳದಲ್ಲಿ ಮೊದಲ ಹನಿ ತಪ್ಪುವುದಾದರೆ, ದೋಷವನ್ನು ತಾಯಿಯ ಅಜ್ಞಾನದ ಮೇಲೆ ಹೊರಿಸುವುದು ನ್ಯಾಯವಲ್ಲ.

ನಮ್ಮ ಮತದಲ್ಲಿ ಮೂಲದೋಷ ಒಂದೇ. ಚುಚ್ಚುಮದ್ದನ್ನು ಲೆಕ್ಕ ಹಿಡಿಯುವ ಸರಕಾರಕ್ಕೆ ಬಾಣಂತಿಯ ಬಳಿ ಕುಳಿತ ಅರ್ಧ ತಾಸು ಲೆಕ್ಕಕ್ಕೆ ಸಿಗುವುದಿಲ್ಲ. ಅದನ್ನು ಹೆಂಗಸರ ಸಹಜ ಕರುಣೆಯೆಂದು ಎಣಿಸಿ, ಆಶೆಯನ್ನು ಸ್ವಯಂಸೇವಕಿಯೆಂದು ಕರೆದು, ಸಂಬಳದ ಬದಲು ಗೌರವಧನ ಕೊಡಲಾಗಿದೆ. ಕರುಣೆ ಸಹಜವಿರಬಹುದು, ಕೌಶಲ್ಯವನ್ನು ಕಲಿಯಲೇಬೇಕು, ಕಲಿತವರ ದುಡಿಮೆಗೆ ಬೆಲೆಯನ್ನೂ ಕೊಡಬೇಕು. ಇತ್ತ ೨೦೧೭ರ ತಿದ್ದುಪಡಿಯಿಂದ ನೌಕರಿಯ ತಾಯಂದಿರಿಗೆ ೨೬ ವಾರಗಳ ಸಂಬಳಸಹಿತ ರಜೆ ದೊರೆಯಿತು. ಕೂಲಿಗೆ ಗದ್ದೆಗಿಳಿಯುವವಳಿಗೆ ಯಾವ ರಜೆ?

ತಾಲೂಕು ಆಸ್ಪತ್ರೆಗೊಬ್ಬಳಂತೆ ಮೊಲೆಯೂಡಿಕೆಯ ಸಲಹೆಗೆಂದೇ ತರಬೇತಾದ ದಾದಿಯಿರಲಿ. ಹಳ್ಳಿಯ ಆಶೆಯರು ಅವಳಲ್ಲಿ ಕಲಿಯಲಿ. ಆ ದುಡಿಮೆಯು ದಫ್ತರದಲ್ಲಿ ಬರೆಯಲ್ಪಡಲಿ. ಸ್ವದೇಶಿಯ ಮಾತನ್ನು ನಾವು ವೇದಿಕೆಗಳಲ್ಲಿ ಬಹಳ ಆಡುತ್ತೇವೆ. ತಾಯಿಯ ಹಾಲಿಗಿಂತ ಮಿಗಿಲಾದ ಸ್ವದೇಶಿ ಪದಾರ್ಥ ಯಾವುದಿದೆ? ಅದು ಬತ್ತದಂತೆ ಕಾಯುವವಳಿಗೆ ಹೊಟ್ಟೆ ತುಂಬ ಅನ್ನವಿಡದ ಸ್ವದೇಶಿಯು ಬರಿಯ ಬಾಯಿಮಾತು.