ತಲೆ ದಣಿದರೆ ಕಾಲು ಸೋಲುವುದೇಕೆ?

ನಮ್ಮ ವಾಚನಾಲಯಕ್ಕೆ ನಿತ್ಯ ಬರುವ ತರುಣ ಕಾರಕೂನರೊಬ್ಬರಿಗೆ ದೂರದ ಓಟದ ಹವ್ಯಾಸ. ರವಿವಾರ ಬೆಳಿಗ್ಗೆ ಹದಿನೈದು ಕಿಲೋಮೀಟರು ನಿರಾಯಾಸವಾಗಿ ಓಡುವ ಇವರು, ತಿಂಗಳ ಕೊನೆಗೆ ಪಗಾರಪಟ್ಟಿ ಮುಗಿಸಿ ಸಂಜೆ ಓಡಹೊರಟರೆ ಆರನೆಯ ಕಿಲೋಮೀಟರಿಗೇ ನಿಂತುಬಿಡುವರು. ಹೃದಯದಲ್ಲಿಯೇ ದೋಷವಿದೆಯೆಂದು ಹೆದರಿ ಡಾಕ್ಟರರ ಬಳಿಗೆ ಹೋದರು. ಹೃದಯ ಸರಿಯಾಗಿಯೇ ಇದೆಯೆಂದು ತಿಳಿಯಿತು. ಹಾಗಾದರೆ ಇಡೀ ದಿನ ಕುರ್ಚಿಯ ಮೇಲೆ ಕುಳಿತಿದ್ದ ಕಾಲುಗಳು ದಣಿದದ್ದು ಹೇಗೆ?

ಈ ಪ್ರಶ್ನೆ ಹೊಸದಲ್ಲ. ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊಸ್ಸೊ ಎಂಬ ಶರೀರಶಾಸ್ತ್ರಜ್ಞರು ೧೮೯೧ರಲ್ಲಿ ದಣಿವಿನ ಮೇಲೆಯೇ ಒಂದು ಗ್ರಂಥ ಪ್ರಕಟಿಸಿದರು. ಬೆರಳಿಗೆ ಭಾರ ಕಟ್ಟಿ, ಅದನ್ನು ಎಷ್ಟು ಸಲ ಎಳೆಯಬಲ್ಲರೆಂದು ದಾಖಲಿಸುವ ಯಂತ್ರವನ್ನೂ ಅವರು ರಚಿಸಿದ್ದರು. ವಿದ್ಯಾರ್ಥಿಗಳ ಪರೀಕ್ಷೆ ನಡೆಸಿ ಬಂದ ಅಧ್ಯಾಪಕರ ಬೆರಳು ಬೇಗನೆ ಸೋಲುತ್ತಿತ್ತು! ಬೆರಳಾದರೋ ಏನೂ ದುಡಿದಿರಲಿಲ್ಲ.

ಇನ್ನೂ ಸ್ಪಷ್ಟವಾದ ಪ್ರಯೋಗ ನಡೆದದ್ದು ವೇಲ್ಸ್ ದೇಶದ ಬ್ಯಾಂಗರ್ ವಿಶ್ವವಿದ್ಯಾಲಯದಲ್ಲಿ. ಅದನ್ನು ಸ್ಯಾಮುವೆಲೆ ಮಾರ್ಕೋರಾ ಮತ್ತು ಅವರ ಸಂಗಡಿಗರು ೨೦೦೯ರಲ್ಲಿ ಪ್ರಕಟಿಸಿದರು. ಹದಿನಾರು ಮಂದಿ ಒಂದು ದಿನ ತೊಂಬತ್ತು ನಿಮಿಷ ಪರದೆಯ ಮೇಲೆ ಮೂಡುವ ಅಕ್ಷರಗಳನ್ನು ಎಚ್ಚರದಿಂದ ನೋಡಿ ಗುಂಡಿ ಒತ್ತಬೇಕು. ಇನ್ನೊಂದು ದಿನ ಅಷ್ಟೇ ಹೊತ್ತು ಸುಮ್ಮನೆ ಸಾಕ್ಷ್ಯಚಿತ್ರ ನೋಡಬೇಕು. ಎರಡೂ ದಿನ ಆನಂತರ ನಿಂತಲ್ಲೇ ತುಳಿಯುವ ಸೈಕಲ್ಲನ್ನು ಕೈಲಾಗದೆ ಬಿಡುವವರೆಗೆ ತುಳಿಯಬೇಕು. ಚಿತ್ರ ನೋಡಿದ ದಿನ ಸರಾಸರಿ ೭೫೪ ಸೆಕೆಂಡು ತುಳಿದವರು, ಅಕ್ಷರ ನೋಡಿದ ದಿನ ೬೪೦ ಸೆಕೆಂಡಿಗೇ ಕೈಬಿಟ್ಟರು. ಹತ್ತಿರ ಹತ್ತಿರ ಎರಡು ನಿಮಿಷದ ಅಂತರ.

ಆಶ್ಚರ್ಯವೆಂದರೆ ಹೃದಯದ ಬಡಿತ, ಉಸಿರು, ರಕ್ತದ ಲ್ಯಾಕ್ಟೇಟು ಇವು ಯಾವುವೂ ಈ ಅಂತರಕ್ಕೆ ಕಾರಣವಾಗುವಷ್ಟು ಬದಲಾಗಿರಲಿಲ್ಲ. ಬದಲಾದದ್ದು ಒಂದೇ: "ಎಷ್ಟು ಕಷ್ಟವಾಗುತ್ತಿದೆ?" ಎಂದು ಕೇಳಿದರೆ, ತಲೆ ದಣಿದವರು ಮೊದಲಿನಿಂದಲೇ ಹೆಚ್ಚೆಂದು ಹೇಳುತ್ತಿದ್ದರು. ಅಂದರೆ ಎಣ್ಣೆ ತೀರಿ ದೀಪ ಆರಿದುದಲ್ಲ; ಶ್ರಮದ ಅನುಭವವೇ ಬೇಗನೆ ತುದಿ ಮುಟ್ಟಿತು. ಕುಳಿತು ಮಾಡುವ ಕೆಲಸಕ್ಕೆ ದಣಿವೇನು ಬಂತೆಂದು ಮನೆಯಲ್ಲಿ ಕೇಳಿಸಿಕೊಂಡಿರುವ ನಮ್ಮಂಥವರಿಗೆ ಇದನ್ನೋದಿ ಕೊಂಚ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಒಂದೇ ಸಲ ಭಾರ ಎತ್ತುವುದಕ್ಕೆ, ನೆಗೆಯುವುದಕ್ಕೆ ಈ ದಣಿವು ಅಷ್ಟಾಗಿ ಅಡ್ಡಬಾರದು. ಬಹಳ ಹೊತ್ತು ಸಹಿಸಬೇಕಾದ ಓಟ, ಸೈಕಲ್ ಸವಾರಿಗಳಲ್ಲಿಯೇ ಅದರ ಕಾಟ. ಎಲ್ಲರಿಗೂ ಸಮನಾಗಿಯೂ ಅಲ್ಲ. ೨೦೧೬ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಒಂದು ಪ್ರಯೋಗದಲ್ಲಿ ವೃತ್ತಿಪರ ಸವಾರರು ಅರ್ಧ ಗಂಟೆಯ ತಲೆಕೆಲಸದ ನಂತರವೂ ಕುಗ್ಗಲಿಲ್ಲ; ಹವ್ಯಾಸಿಗಳು ಕುಗ್ಗಿದರು. ಪರಿಣಾಮ ಇಷ್ಟು ದೊಡ್ಡದೇ ಎಂದು ಶಂಕಿಸುವ ವಿದ್ವಾಂಸರೂ ಇದ್ದಾರೆ.

ನಮ್ಮ ತರುಣರು ಈಗ ದೀರ್ಘ ಓಟವನ್ನು ಕಚೇರಿಗೆ ಮುಂಚಿನ ಬೆಳಗಿಗೆ ಬದಲಾಯಿಸಿಕೊಂಡಿದ್ದಾರೆ. ಪಗಾರಪಟ್ಟಿಯ ಸಂಜೆಗಳಲ್ಲಿ ಗಡಿಯಾರವನ್ನು ಮನೆಯಲ್ಲಿಟ್ಟು ನಿಧಾನವಾಗಿ ಓಡುವರು. ಎದೆನೋವು, ತಲೆಸುತ್ತು ಕಂಡರೆ ಮಾತ್ರ ಅದನ್ನು ಲೆಕ್ಕದ ಪುಸ್ತಕದ ಮೇಲೆ ಹೊರಿಸದೆ ಡಾಕ್ಟರರಿಗೇ ತೋರಿಸಬೇಕೆಂದು ನಾವು ಅವರಿಗೆ ಹೇಳಿದ್ದೇವೆ.